ಬೆನ್ನು ನೋಡಾಕ ಹೋದ ಟ್ರಿಪ್

ಸಾಲ್ಯಾಗ ಹೊಸಾದು ಏನರೆ ಬಂತಂದ್ರ ಅದರ ಬೆನ್ನಿಗೆ ಒಂದು ಫಜೀತಿ ಬರೂದ. ರೇಡಿಯೋ ಬಂದಾಗೂ ಬಂತು, ಕಂಪ್ಯೂಟರ್ ಬಂದಾಗಂತೂ ಕೇಳಬ್ಯಾಡ್ರಿ. ಎರಡು ಸಾವಿರದ ಇಸವಿ ದಾಟಿ ನಾಕೈದು ವರ್ಷ ಆಗಿರಬೇಕು. ಯರಗಟ್ಟಿ ಹತ್ತರದ ಒಂದು ಹಳ್ಳಿ ಹೈಸ್ಕೂಲಿನ್ಯಾಗ ನಾ ಇತಿಹಾಸ ಕಲಸ್ತಿದ್ದೆ. ದೂರದೂರಿನ ಒಂದು ಮ್ಯೂಸಿಯಂ ತನ್ನ ಖೋಲಿಗಳನ್ನೆಲ್ಲಾ ಇಂಟರ್ನೆಟ್ಟಿಗೆ ಹಾಕೈತಿ, ಕುಂತಲ್ಲೇ ತಿರಗ್ಯಾಡಿ ನೋಡಬಹುದು ಅಂತ ಗೊತ್ತಾತು. "ಶನಿವಾರ ಕಂಪ್ಯೂಟರಿನ್ಯಾಗ ಮ್ಯೂಸಿಯಂ ಟ್ರಿಪ್!" ಅಂತ ಒಂಬತ್ತನೇ ಕ್ಲಾಸಿಗೆ ಹೇಳಿಬಿಟ್ಟೆ. ಟ್ರಿಪ್ ಅನ್ನಬಾರದಿತ್ತು.

೧. ಲಿಂಬಿಹಣ್ಣು

ಶನಿವಾರ ಅರ್ಧ ಕ್ಲಾಸು ಬುತ್ತಿ ಕಟಗೊಂಡು ಬಂದಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಒಬ್ಬಾಕಿ ಕೈಯಾಗ ಲಿಂಬಿಹಣ್ಣು.

"ಇದ್ಯಾಕವಾ?"

"ಬಸ್ಸಿನ್ಯಾಗ ವಾಂತಿ ಬರತೈತ್ರೀ ಅಕ್ಕೋರ."

ಹೊಟ್ಟಿ ಹಿಡಕೊಂಡು ನಕ್ಕೆ. ಆಮ್ಯಾಲ ಮೌಸ್ ಹಿಡದು ಮ್ಯೂಸಿಯಂ ಖೋಲಿ ಗರಗರ ತಿರಿಗಿಸಿದೆ. ಹಿಂದ ನಿಂತಿದ್ದ ಹೆಡ್ ಮಾಸ್ತರು ಗ್ವಾಡಿ ಹಿಡಕೊಂಡು, "ಆ ಲಿಂಬಿಹಣ್ಣು ಇತ್ತಾಗ ಕೊಡವಾ" ಅಂದ್ರು.

೨. ಒಪ್ಪಿಗಿ ಚೀಟಿ

ಅವತ್ತ ಒಬ್ಬ ಹುಡುಗಿ ಅಷ್ಟ ಹೊರಗ ನಿಂತಿದ್ಲು. ಟ್ರಿಪ್ ಅಂದಕೂಡ್ಲೆ ನಮ್ಮ ಕ್ಲರ್ಕ್ ರೂಢಿ ಪ್ರಕಾರ ಮನಿಮನಿಗೆ ಒಪ್ಪಿಗಿ ಚೀಟಿ ಕಳಿಸಿದ್ದ. ಇಕಿ ಅಪ್ಪ ಸಹಿ ಹಾಕಿರಲಿಲ್ಲ. ಊರ ಬಡಿಗ್ಯಾ, ಕಟಗಿ ಕೆಲಸದಾಗ ಎತ್ತಿದ ಕೈ, ಆದ್ರ ಮಗಳನ್ನ ಒಂದು ಟ್ರಿಪ್ಪಿಗೂ ಕಳಿಸಿದಾಂವಲ್ಲ. ಸೋಮವಾರ ಇಕಿಗೂ ತೋರಸೂಣು ಅಂತ ಅವತ್ತ ಸಂಜಿಕ ಅಂವನ ಕಡೆ ಹೋದೆ.

"ಹೆಣ್ಣುಹುಡಿಗಿನ್ನ ಊರ ದಾಟಿ ಕಳಸೂದಿಲ್ರೀ."

"ಊರೇನ್ರೀ, ಸಾಲಿ ಬಾಗಲಾ ಸೈತ ದಾಟೂದಿಲ್ಲ. ಕಂಪ್ಯೂಟರ್ ಮುಂದ ಕುಂದರೂದು."

"ವಾಪಸ್ ಎಷ್ಟಕ್ಕ ಬರತೀರಿ?"

"ಹೋಗೂದ ಇಲ್ಲಲ್ರೀ!"

"ಹೋಗೂದ ಇಲ್ಲಂದ್ರ ಚೀಟಿ ಯಾಕ್ರೀ?"

ನಾ ಕ್ಲರ್ಕನ್ನ ಮನಸಿನ್ಯಾಗ ಬೈಕೊಂಡೆ. ಕಡೀಕೆ, "ನಾನ ಬಂದು ನೋಡತೇನಿ" ಅಂದ.

೩. ಕಪಾಟಿನ ಬೆನ್ನು

ಸೋಮವಾರ ಬಂದ. ಚಪ್ಪಲಿ ಹೊರಗ ಬಿಟ್ಟು ಮಗಳ ಬಾಜೂಕ ಕುಂತ. ಫೋನ್ ಲೈನಿನ ಇಂಟರ್ನೆಟ್ಟು, ಚಿತ್ರ ಮ್ಯಾಲಿಂದ ಕೆಳಗ ಬೊಟ್ಟು ಬೊಟ್ಟು ಇಳೀತಿತ್ತು. ಕಲ್ಲಿನ ಹೆಣ್ಣೊಂದರ ತಲಿ ಬಂತು, ಹಣಿ ಬಂತು, ಕಣ್ಣು ಬಂತು. ಮೂಗಿಗೆ ಬರೂದ್ರಾಗ ಕರೆಂಟ್ ಹೋತು.

ಮರುದಿನ ಕರೀದನ ಹಾಜರ್. "ಮೂಗಿನ ಕೆಳಗ ನೋಡೂದು ಬಾಕಿ ಐತ್ರೀ."

ಪೂರಾ ಮೂರ್ತಿ ಬಂದಾಗ ಸ್ಕ್ರೀನಿಗೆ ಮೂಗು ಹಚ್ಚಿ ನೋಡಿದ. ಆಮ್ಯಾಲ, "ಬೆನ್ನು ತೋರಸ್ರಿ" ಅಂದ. ನಾ ಮೌಸ್ ತಿರಿಗಿಸಿದೆ. ಖೋಲಿ ತಿರಗತು, ಆಕಿ ಬೆನ್ನು ಕಾಣಲಿಲ್ಲ.

"ಮುಂದ ಪಾಲಿಶ್ ಎಲ್ಲಾರೂ ಹೊಡೀತಾರ್ರೀ ಅಕ್ಕೋರ. ಕಪಾಟಿನ ಬೆನ್ನು ನೋಡಿದ್ರ ಬಡಿಗ್ಯಾನ ನಿಯತ್ತು ತಿಳೀತೈತಿ. ಇಷ್ಟ್ ದೊಡ್ಡ ಮಿಷನ್ನು, ಬೆನ್ನು ತೋರ್ಸಾಕ ಬರೂದಿಲ್ಲೇನ?" ಅಂತ ಬಗ್ಗಿ ಕಂಪ್ಯೂಟರಿನ ಬೆನ್ನು ನೋಡಿ ಹೋದ.

೪. ಖರೇ ಟ್ರಿಪ್

ಡಿಸೆಂಬರಿನ್ಯಾಗ ಅದ ಮ್ಯೂಸಿಯಂಕ್ಕ ಖರೇನ ಟ್ರಿಪ್ ನಿಕ್ಕಿ ಆತು. ಹುಡುಗಿ ಆಸೆಲೆ ಚೀಟಿ ಒಯ್ದು ಕೊಟ್ಲು. ಕೂಡ ನಾನೂ ಹೋಗಿದ್ದೆ. ಅಪ್ಪ ಹಲಗಿ ನುಣಪು ಮಾಡಾಕ ರಂದಾ ಹೊಡಕೋತ, "ಕಂಪ್ಯೂಟರಿನ್ಯಾಗ ನೋಡೀದಲ್ಲ, ಮತ್ಯಾಕ?" ಅಂದ.

ಇಕಿಗೆ ಜಗತ್ತು ತೋರಸಬೇಕಂತ ನಾನ ತಗದ ಬಾಗಲಾ, ಈಗ ಅದ ಇಕಿಗೆ ಅಡ್ಡ ನಿಂತಿತ್ತು. ಹುಡುಗಿ ಮಾತ್ರ ಅಳಲಿಲ್ಲ.

"ಬೆನ್ನು ನೋಡಿಲ್ಲಲ್ಲಪಾ?" ಅಂದ್ಲು.

ರಂದಾ ನಿಂತು ಬಿಡ್ತು. "ನೋಡಿ ಬಂದು ಸರಿಯಾಗಿ ಹೇಳಬೇಕ ಮತ್ತ" ಅಂತ ಸಹಿ ಹಾಕಿ ಕೊಟ್ಟ.

ಮ್ಯೂಸಿಯಂದಾಗ ಆ ಮೂರ್ತಿ ನಟ್ಟನಡುವ ನಿಂತಿತ್ತು. ಹುಡುಗಿ ಸೀದಾ ಹಿಂದಕ್ಕ ಹೋದ್ಲು. ಕಾವಲುಗಾರ, "ಮಾರಿ ಈ ಕಡೆ ಐತವಾ" ಅಂದ. "ಮಾರಿ ನೋಡೇನ್ರೀ" ಅಂದ್ಲು. ನಾನೂ ಹೋಗಿ ನೋಡಿದೆ. ಉದ್ದನ್ನ ಹೆಳಲು, ಕೂದಲು ಎಳಿಎಳಿ ಕೆತ್ತ್ಯಾರ, ತುದಿಗೆ ಸಣ್ಣ ಗೊಂಡೆ. ಯಾರೂ ನೋಡದ ಜಾಗಾದಾಗ ಅಷ್ಟು ಕೆಲಸ! ಹುಡುಗಿ ತನ್ನ ಹೆಳಲು ಮುಂದ ತಂದು ಹಿಡಕೊಂಡು ನೋಡಿದ್ದ ನೋಡಿದ್ಲು. ನನಗ ಕಣ್ಣು ತುಂಬಿ ಬಂದ್ವು.

ಊರಿಗೆ ಬಂದಾಗ ಅಪ್ಪ ಬಸ್ಸಿನ ಬಾಗಲಕ್ಕ ನಿಂತಿದ್ದ. ಉಂಡ್ಯಾ, ಬಿಟ್ಯಾ ಕೇಳಲಿಲ್ಲ.

"ಬೆನ್ನು?"

"ಭಾಳ ಗದ್ದಲಿತ್ತಪಾ," ಅಂದ್ಲು ಹುಡುಗಿ, "ನೋಡಾಕ ಆಗಲಿಲ್ಲ."

ನಾ ಬಾಯಿ ತಕ್ಕೊಂಡು ನಿಂತೆ. "ಛೇ! ಹಂಗಾರ ಮುಂದಿನ ವರ್ಷ ಮತ್ತ ಹೋಗಬೇಕಾತು" ಅಂದಾಂವ ನನ್ನ ಕಡೆ ತಿರುಗಿದ. "ಅಕ್ಕೋರ, ನೀವರೆ ನೋಡಿದ್ರೇನು?"

ಹುಡುಗಿ ನನ್ನ ಮಾರಿ ನೋಡಿದ್ಲು. ಸುಳ್ಳು ಹೇಳಬಾರದು ಅಂತ ಹನ್ನೆರಡು ವರ್ಷದಿಂದ ಕಲಸಾಕ ಹತ್ತಿದ್ದೆ.

"ಇಲ್ರೀ," ಅಂದೆ, "ನಾ ಮಾರಿ ಅಷ್ಟ ನೋಡಿದೆ."