ಮಾವನ ವಿಮಾನಕ್ಕೆ ಹೊಗೆ ನುಗ್ಗಿದ್ದು ಎಲ್ಲಿಂದ?

ನನ್ನ ಸೋದರಮಾವನಿಗೆ ದೇವರಲ್ಲಿ ನಂಬಿಕೆಯಿದೆ. ಆದರೂ ಕೈಮುಗಿಯುವಾಗ ಒಂದು ಕಣ್ಣು ತೆರೆದೇ ಇರುತ್ತದೆ! ಅಂಥವರು ಕೊಳವಳ್ಳಿಯ ತಮ್ಮ ಕಾಫಿ ಕಣದಲ್ಲಿ ಆರು ವರ್ಷ ಒದ್ದಾಡಿ, ಹಳೇ ಕಾರಿನ ಎಂಜಿನ್ ಕೂರಿಸಿ, ಎರಡು ಸೀಟಿನ ವಿಮಾನ ಕಟ್ಟಿದ್ದಾರೆ ಎಂದರೆ ನಂಬುತ್ತೀರಾ? ಹಾರಲು ಅನುಮತಿ ಸಿಕ್ಕಿಲ್ಲ. ಸದ್ಯಕ್ಕೆ ಕೊಯ್ಲಾದ ಗದ್ದೆಯಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಅಷ್ಟೆ.

ಮೊದಲ ಓಟಕ್ಕೆ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿದರು. ಆ ತುದಿ ಮುಟ್ಟುವಷ್ಟರಲ್ಲಿ ಅತ್ತೆಗೆ ತಲೆ ಸಿಡಿತ, ವಾಂತಿ. ಎಂಜಿನ್ ಹೊಗೆ ಒಳಗೆ ನುಗ್ಗಿತ್ತು. ಅದರಲ್ಲಿ ಕಣ್ಣಿಗೂ ಮೂಗಿಗೂ ಸಿಗದ ವಿಷವೊಂದಿದೆ, ತೂಕಡಿಕೆ ಬರಿಸಿ ಪ್ರಾಣವನ್ನೇ ತೆಗೆಯುತ್ತದೆ ಎಂದು ಮಾವನಿಗೆ ಗೊತ್ತಿತ್ತು.

"ಹೊಗೆ ಎಲ್ಲಿಂದ ಬತ್ತದೆ ಅಂತ ಸಿಕ್ಕೋಗಂಟ ನೀನು ಹತ್ತಕೂಡದು ಕಣೇ!" ಎಂದು ಆಣೆ ಹಾಕಿದರು.

ಶುರುವಾಯಿತು ನೋಡಿ ತನಿಖೆ! ಪಕ್ಕದ ತೋಟದ ಮಲಯಾಳಿ, ನಾವೆಲ್ಲ ಚೇಟ್ಟನ್ (ಅಣ್ಣ) ಎಂದು ಕರೆಯುವವರು, ಬೀಡಿ ಹಚ್ಚಿದರೆ ಸಾಕು, ಮಾವನ ತಲೆ ವಿಮಾನದಿಂದ ಹೊರಬರುತ್ತಿತ್ತು.

"ಚೇಟ್ಟಾ, ನಿಮ್ ಬೀಡಿ ಪುಕ, ಅದೇ ಹೊಗೆ, ಈ ಕಡೆ ಬುಡ್ಬೇಡಿ!"

"ನಿಮ್ಮ ವಿಮಾನದ ಪುಕಕ್ಕೆ ನನ್ನ ಬಾಳೆ ಬಾಡ್ತು. ನಾನು ಕೇಳಿದ್ನಾ?"

ಮುಂದಿನ ಆರೋಪಿ ಅತ್ತೆಯ ಸೌದೆ ಒಲೆ. ಒಂದಿಡೀ ದಿನ ಒಲೆ ಹಚ್ಚದೆ ಪರೀಕ್ಷೆ ನಡೆಯಿತು. ವಿಮಾನದೊಳಗಿನ ಹೊಗೆ ಹೋಗಲಿಲ್ಲ, ಜೊತೆಗೆ ಹಸಿವು ಬಂತು!

ಆಮೇಲೆ ನನ್ನ ಸರದಿ. "ಲೋ, ನೀನು ಬೋಲ್ಟ್ ಬಿಗಿ ಮಾಡಿದ್ಯಾ, ಇಲ್ಲಾ ಮಾಡ್ದಂಗೆ ಮಾಡಿದ್ಯಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸ್ಪ್ಯಾನರ್ ಹಿಡಿದು ಓಡಿದೆ. ಪಂಕ್ಚರ್ ಅಂಗಡಿಯವರ ಹಾಗೆ ಸೈಲೆನ್ಸರ್ ಕೊಳವೆಯ ಕೀಲುಕೀಲಿಗೂ ಸೋಪಿನ ನೀರು ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಸಂದುಗಳನ್ನೆಲ್ಲ ಮೆತ್ತಿ ಮುಚ್ಚಿದೆವು. ಹೊಗೆ ಮಾತ್ರ ಬರುತ್ತಲೇ ಇತ್ತು.

ಕೊನೆಗೆ ಅತ್ತೆಯೇ ಬಾಯಿಬಿಟ್ಟರು. "ಶುಕ್ರವಾರ ನಾನು ಮುಂಬಾಗ್ಲಲ್ಲಿ ಧೂಪ ಹಾಕುದ್ರೆ ಹೊಗೆ ಮನೆ ಸುತ್ಕೊಂಡು ಹಿತ್ಲ ಬಾಗ್ಲಿಂದ ಒಳಕ್ಕೆ ಬತ್ತದೆ. ನೀವ್ ಮುಂದ್ಗಡೆನೇ ಯಾಕೆ ನೋಡ್ತೀರಿ?"

ಮಾವ ಅನುಮಾನದಿಂದಲೇ ಒಪ್ಪಿದರು. ಚಕ್ರಕ್ಕೆ ಕೊರಡು ಕೊಟ್ಟು ಎಂಜಿನ್ ಶುರು ಮಾಡಿದರು. ಅತ್ತೆ ಉದ್ದ ಬಿದಿರಿನ ತುದಿಗೆ ಸಾಂಬ್ರಾಣಿ ತಟ್ಟೆ ಕಟ್ಟಿ, ವಿಮಾನದ ಹೊಟ್ಟೆಯಡಿ ಸೈಲೆನ್ಸರ್ ಬಾಯಿಯ ಹತ್ತಿರ ಹಿಡಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಸಾಂಬ್ರಾಣಿ ಘಮ್ಮೆಂದಿತು, ಅದೂ ನನ್ನ ಕತ್ತಿನ ಹಿಂದಿನಿಂದ!

ಸೀಟಿನ ಹಿಂದಿನ ಹಲಗೆಯಲ್ಲಿ ಎರಡು ಗೇಣಿನ ಕಂಡಿ. ಹೊಗೆ ಬಾಲದೊಳಗೆ ಸೇರಿ ಅಲ್ಲಿಂದ ಮುಂದಕ್ಕೆ ಬರುತ್ತಿತ್ತು.

"ಇದನ್ನ ಯಾರು ಕುಯ್ದೋರು ಮಾವ?"

ಮಾವ ಎಂಜಿನ್ ಆರಿಸಿದರು. ಅವರ ಅನುಮಾನದ ಪಟ್ಟಿಯಲ್ಲಿ ಇಲ್ಲದಿದ್ದ ಹೆಸರು ಒಂದೇ, ಅವರದು.

"ನಾನೇ ಕಣೋ. ನಿಮ್ಮತ್ತೆ ಬಲಗಾಲು ಮಡಚಕ್ಕೆ ಆಗಲ್ವಲ್ಲ. ಕಾಲು ನೀಡ್ಲಿ ಅಂತ ಹಲಗೆ ಕುಯ್ದು ಸೀಟು ಹಿಂದಕ್ಕೆ ತಳ್ಳಿದ್ದೆ."

ಮರುವಾರ ಕಂಡಿಗೆ ತಗಡು ಬಡಿದು, ಅತ್ತೆಯ ಸೀಟನ್ನು ಮುಂದಕ್ಕೆ ತಂದರು. ಅವರ ಕಾಲಿಗೆ ಜಾಗ ಬೇಕಲ್ಲ? ತಮ್ಮ ಸೀಟನ್ನು ಇನ್ನೂ ಮುಂದಕ್ಕೆ ದೂಡಿದರು. ಮಾವನ ಮಂಡಿ ಎದೆಗೆ ಬಂತು. ಮತ್ತೆ ಧೂಪ ಹಿಡಿದು ನೋಡಿದೆವು. ಒಳಗೆ ಸಾಂಬ್ರಾಣಿಯ ಸುಳಿವೇ ಇರಲಿಲ್ಲ. ಆಗಲೇ ಅತ್ತೆ ಹತ್ತಿದ್ದು.

"ತಲೆ ನೋಯ್ತದಾ?"

"ಇಲ್ಲ ಬುಡಿ."

ನಂಬಿದರೆ ಅವರು ನನ್ನ ಮಾವನೇ ಅಲ್ಲ! ಗದ್ದೆಯ ನಡುವೆ ಎಂಜಿನ್ ನಿಲ್ಲಿಸಿ, ಹಿಂದಕ್ಕೆ ತಿರುಗಿ ಅತ್ತೆಯ ಹಣೆ ಮುಟ್ಟಿ ನೋಡಿದರು.

ಇಳಿಯುವಾಗ ಮಾವನ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಕುಂಟುಗಾಲಿನ ಅತ್ತೆ ಮೊದಲು ಇಳಿದು, ಕೈಕೊಟ್ಟು ಅವರನ್ನು ಇಳಿಸಿಕೊಂಡರು.