ಜೇಡದ ಬಾಣಂತನ

ಊರಿನ ಸೂಕ್ಷ್ಮದರ್ಶಕದ ಬೀಗದಕೈ ಯಾರ ಹತ್ತಿರ ಇದೆ ಎಂಬುದು ಜನರಿಗೆ ಗೊತ್ತಾಗಬಾರದು. ನಾನು ಕುಮಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಹಲ್ಲಿಮೊಟ್ಟೆಯಿಂದ ಹಿಡಿದು ಅಕ್ಕಿಹುಳದ ತನಕ ಪೊಟ್ಟಣ ಕಟ್ಟಿ ತಂದು "ಇದೆಂತ ನೋಡಿ" ಎನ್ನುವವರಿಗೆ ಬರವಿಲ್ಲ. ಆದರೆ ಹಿರೇಗುತ್ತಿಯ ಒಂದು ಮನೆಯಿಂದ ಬಂದದ್ದನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ.

೧. ಪಾಯಸ

ಆ ಮನೆಯ ಮಗ ಭಟ್ಕಳದ ಬ್ಯಾಂಕೊಂದರಲ್ಲಿ ಗುಮಾಸ್ತ. ಅಂಗೈ ಅಗಲದ, ಮೈತುಂಬ ಕೂದಲಿನ ಟರಾಂಟುಲಾ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದ. ಅವನು ಬೆಳಗಿನ ರೈಲು ಹತ್ತಿದ ಮೇಲೆ ಅದಕ್ಕೆ ಜಿರಳೆ ಹಾಕುವ ಕರ್ಮ ಅವನ ತಾಯಿಯದು. ಅವರನ್ನು ಎಲ್ಲರೂ ಆಯಿ ಎನ್ನುತ್ತಾರೆ. ಒಂದು ಬೆಳಿಗ್ಗೆ ಆಯಿ ನೋಡುತ್ತಾರೆ, ಜೇಡ ಅಂಗಾತ ಬಿದ್ದಿದೆ. ಸಂಜೆ ಮಗ ಬಂದಾಗ ಮನೆಯಲ್ಲಿ ಹೆಸರುಬೇಳೆ ಪಾಯಸ.

"ಎಂತ ವಿಶೇಷ ಆಯಿ?"

"ನಿನ್ನ ಜೇಡ ಹೋತು ತಮಾ. ದುಃಖ ಮಾಡ್ಬೇಡ, ಪಾಯಸ ಉಣ್ಣು."

ಮಗ ಓಡಿಹೋಗಿ ನೋಡಿದರೆ ಜೇಡ ಪೊರೆ ಕಳಚಿ ಅದರ ಪಕ್ಕದಲ್ಲೇ ಕೂತಿತ್ತು. ಆಯಿಯ ಕಣ್ಣಿಗೆ ಮಾತ್ರ ಈಗ ಜೇಡ ಎರಡು. ಅವರು ಪಾಯಸದ ಪಾತ್ರೆ ಮುಚ್ಚಿಟ್ಟರು.

೨. ಹಸಿಮೈ

ಪೊರೆ ಬಿಟ್ಟ ಜೇಡದ ಮೈ ಮೆತ್ತಗಿರುತ್ತದೆ, ಹತ್ತು ದಿನ ತಿನ್ನಲು ಹಾಕಬಾರದು, ಅಲುಗಿಸಬಾರದು ಎಂದು ಮಗ ಹೇಳಿದ. ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಆಯಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಥಂಡಿ ತಾಗದಂತೆ ಪೆಟ್ಟಿಗೆಗೆ ಹಳೆ ಸೀರೆ ಸುತ್ತಿದರು. ಧೂಪದ ಹೊಗೆ ಹಾಕಲು ಹೊರಟದ್ದನ್ನು ಮಗ ಕೈಹಿಡಿದು ತಪ್ಪಿಸಿದ. ನೋಡಲು ಬಂದ ನೆರೆಮನೆಯಾಕೆಯನ್ನು ಆಯಿ ಬಾಗಿಲಲ್ಲೇ ನಿಲ್ಲಿಸಿದರು.

"ಹಸಿಮೈ ಅದೆ. ದೃಷ್ಟಿ ಆತದೆ, ಹತ್ತು ದಿನ ಬಿಟ್ಟು ಬಾ."

ಜೇಡ ಕಂಡರೆ ಅವರಿಗೆ ಆಗದು, ಅದು ಬೇರೆ ವಿಷಯ.

೩. ಕರಾರು

ಜೇಡ ಗಂಡೋ ಹೆಣ್ಣೋ ಎಂದು ನೋಡಿಸಲು ಮಗ ಆ ಪೊರೆಯನ್ನು ಚಾಪುಡಿ ಡಬ್ಬಿಯಲ್ಲಿಟ್ಟು ನನ್ನ ಹತ್ತಿರ ತಂದ. ಗಂಡು ಜೇಡ ಬೆಳೆದ ಮೇಲೆ ವರ್ಷವೋ ಎರಡು ವರ್ಷವೋ. ಹೆಣ್ಣಾದರೆ ಇಪ್ಪತ್ತು ವರ್ಷವೂ ಬದುಕೀತು. ಹಾಗಾಗಿ ಆಯಿ ಕರಾರು ಹಾಕಿದ್ದರು: ಗಂಡಾದರೆ ಇರಲಿ, ಹೆಣ್ಣಾದರೆ ತಂದಲ್ಲಿಗೇ ವಾಪಸು.

"ಇಪ್ಪತ್ತು ವರ್ಷ ಅಂದ್ರೆ ನನ್ನ ತಿಥಿ ವಡೆನೂ ಅದೇ ತಿಂತದೆ" ಎಂದಿದ್ದರಂತೆ.

ಮಗನ ಮುಖ ನೋಡಿ ನನಗೂ ಪಾಪ ಎನಿಸಿತು. "ಸರ್, ಹೇಗಾದ್ರೂ ಮಾಡಿ ಗಂಡು ಮಾಡಿ" ಎಂದು ಕೈಮುಗಿದ. ನಾನು ಬರೀ ನೋಡುವವನಪ್ಪ, ಮಾಡುವವನಲ್ಲ ಎಂದೆ.

೪. ಫಲಿತಾಂಶ

ಪೊರೆಯನ್ನು ಸೋಪಿನ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಹರಿಯದಂತೆ ಬಿಡಿಸಿ, ಒಳಮೈ ನೋಡಬೇಕು. ಅಲ್ಲಿ ಉಸಿರಾಟದ ಮೊದಲ ಜೋಡಿ ಬಿಳಿ ಗುರುತುಗಳ ನಡುವೆ ಸಣ್ಣ ಚೀಲವಿದ್ದರೆ ಹೆಣ್ಣು. ಇತ್ತು. ಭಾನುವಾರ ನಾನೇ ಹಿರೇಗುತ್ತಿಗೆ ಹೋಗಿ, ಚಾ ಕುಡಿದು, ಹೇಳಿದೆ. ಮಗ ಪೆಟ್ಟಿಗೆ ಎತ್ತಿಕೊಂಡ.

"ಎಲ್ಲಿಗೆ?" ಆಯಿ ಕೇಳಿದರು.

"ವಾಪಸ್ ಕಳಸೂಕೆ. ನೀನೇ ಹೇಳಿದ್ಯಲ್ಲ."

"ಇಡು ಕೆಳಗೆ. ಹನ್ನೊಂದನೇ ದಿನಕ್ಕೆ ಬಾಣಂತಿನ ಯಾರಾದ್ರೂ ಹೊರಗೆ ಹಾಕ್ತ್ರಾ? ಹೆಣ್ಣು ಅಂತ ನಂಗೆ ಮೊದ್ಲೇ ಗೊತ್ತಿತ್ತು."

ನನಗೆ ಎರಡು ದಿನ ಹಿಡಿದಿತ್ತು. "ಹೇಗೆ ಗೊತ್ತಾತು?" ಎಂದೆ.

"ಗಂಡಾಗಿದ್ರೆ ಹತ್ತು ದಿನ ಊಟ ಇಲ್ದೆ ಬಾಯ್ಮುಚ್ಚಿ ಕೂತ್ಕಂತಿತ್ತಾ ಮಾಸ್ತರ್ರೆ?"

ಇನ್ನೊಂದು ಲೋಟ ಚಾ ಕೇಳಬೇಕೆಂದಿದ್ದೆ. ಕೇಳಲಿಲ್ಲ.