ತಲೆ ಆಡಿಸದೆ ಕೇಳಿದ ಸಿಂಫನಿ

ಬೆಟಗೇರಿಯಲ್ಲಿ ನಮ್ಮ ಮನೆತನ ಗೊತ್ತಿಲ್ಲದವರು ಇಲ್ಲ. ನಮ್ಮ ಅಜ್ಜನವರ ಪಡಸಾಲೆಯಲ್ಲಿ ಹಾಡದೆ ಯಾವ ಗವಾಯಿಯೂ ಮುಂದಿನ ಊರಿಗೆ ಹೋಗುತ್ತಿರಲಿಲ್ಲ. ಬೈಠಕ್ ನಡೆದಾಗ ನಮ್ಮ ಮನೆಯವರು ಕೆಮ್ಮಿದ್ದೂ ಇಲ್ಲ. ಅದರ ಮೇಲೆ ನಾನು ಕಾನ್ವೆಂಟಿನಲ್ಲಿ ಕಲಿತವಳು. ಪಿಯಾನೊ ನುಡಿಸುತ್ತಿದ್ದ ಸಿಸ್ಟರ್ ಕಲಿಸಿದ್ದು ಇಷ್ಟೇ: ಸಂಗೀತ ಕೇಳುವಾಗ ಕಲ್ಲಿನಂತೆ ಕೂಡಬೇಕು. ಇಂಥವಳು ನಮ್ಮ ಮಂದಿಯ ಜೊತೆ ಒಳ್ಳೆಯ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಜೋಡಿ ಊರು ಗದಗಿಗೆ ಪರದೇಶದ ಸಿಂಫನಿ ಆರ್ಕೆಸ್ಟ್ರಾ ಬಂತು. ಕರೆಸಿದ ಸಮಿತಿಗೆ ನನ್ನ ಮೈದುನನೇ ಅಧ್ಯಕ್ಷ. "ವೈನಿ, ಊರಿನ ಮರ್ಯಾದಿ ನಿಮ್ಮ ಕೈಯಾಗ ಐತ್ರಿ" ಎಂದು ನನ್ನನ್ನು ಮೊದಲ ಸಾಲಿನ ನಟ್ಟನಡುವೆ ಕೂಡಿಸಿದ.

ಬೆನ್ನು

ವಾದ್ಯವೃಂದವನ್ನು ನಡೆಸುವವರು ಬಂದು ನಮಗೆ ತಲೆಬಾಗಿ, ಆ ಕಡೆ ತಿರುಗಿ ನಿಂತರು. ನನ್ನ ಬಲಗಡೆಯಿದ್ದ ಮುಂಡರಗಿಯ ಸಾಹುಕಾರರಿಗೆ ಇದು ಸರಿಬರಲಿಲ್ಲ.

"ಅಕ್ಕಾರ, ನಾವೇನು ತಪ್ಪು ಮಾಡೇವ್ರಿ? ಬೆನ್ನು ತೋರಿಸಿ ನಿಂತಾನಲ್ಲ!"

"ಅವರ ಕೈ ನೋಡಿ ಉಳಿದವರು ಬಾರಿಸ್ತಾರ್ರಿ."

"ತಾನು ಏನೂ ಬಾರಿಸೂದಿಲ್ಲ?"

"ಇಲ್ಲ."

ಸಾಹುಕಾರರು ಆ ಕೈಯ ಕಡ್ಡಿಯನ್ನು ಸ್ವಲ್ಪ ಹೊತ್ತು ನೋಡಿದರು. "ತಿಳೀತು ಬಿಡ್ರಿ. ನಮ್ಮ ಅವ್ವನೂ ಹಿಂಗ ಸೌಟು ಹಿಡಕೊಂಡು ನಿಂದರತಾಳ. ದುಡಿಯೂದು ಸೊಸೆಂದಿರು, ಅಡಗಿ ಹೆಸರು ಅವ್ವಂದು."

ಶಾಲು

ಅವರು ಅಂದು ಬಾರಿಸಿದ ಸಿಂಫನಿಗೆ ನಾಲ್ಕು ಭಾಗ. ಒಂದೊಂದು ಭಾಗ ಮುಗಿದಾಗಲೂ ಚೂರು ನಿಲ್ಲಿಸುತ್ತಾರೆ. ಆಗ ಚಪ್ಪಾಳೆ ತಟ್ಟಬಾರದು. ಮೊದಲ ಭಾಗ ನಿಂತದ್ದೇ ತಡ, ಮೈದುನ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ವೇದಿಕೆಯ ಮೆಟ್ಟಿಲು ಹತ್ತತೊಡಗಿದ. ನಾನು ಶಾಲಿನ ತುದಿ ಹಿಡಿದು ಎಳೆದೆ. "ಇನ್ನೂ ಮುಗಿದಿಲ್ಲ, ಕುಂಡ್ರು." ಎರಡನೆಯ ಭಾಗ ನಿಂತಾಗಲೂ ಇದೇ ಎಳೆದಾಟ.

"ವೈನಿ, ಇವರು ಮುಗಿಸಿದ್ದು ತಿಳಿಯೂದು ಹೆಂಗ್ರಿ?"

"ನಾನು ಎದ್ದು ನಿಂತೆ ಅಂದ್ರ ಮುಗೀತು ಅಂತ ತಿಳಕೋ."

ಈ ಮಾತು ಹಿಂದಿನ ಸಾಲಿಗೆ ಹೋಯಿತು, ಅಲ್ಲಿಂದ ಕಟ್ಟಕಡೆಯ ಸಾಲಿಗೆ. ಅಲ್ಲಿದ್ದ ಲಕ್ಷ್ಮೇಶ್ವರದವರೊಬ್ಬರು ಕೂಗಿಯೇಬಿಟ್ಟರು: "ಅಕ್ಕಾರ, ಜಲ್ದಿ ಏಳ್ರಿ, ನಮ್ಮ ಬಸ್ಸು ತಪ್ಪತೈತಿ!"

ಉಳ್ಳಾಗಡ್ಡಿ

ಮೂರನೆಯ ಭಾಗ ನಿಧಾನದ್ದು, ಬಹಳ ಸೊಗಸಾದದ್ದು. ನಾನು ಕಣ್ಣು ಮುಚ್ಚಿ, ಸಿಸ್ಟರ್ ಹೇಳಿದಂತೆ ಕಲ್ಲಾಗಿ ಕುಳಿತೆ. ನಮ್ಮ ಕಡೆ ಸಂಗೀತ ಕೇಳುವವರು ತಲೆ ಆಡಿಸಬೇಕು, ತೊಡೆಯ ಮೇಲೆ ತಾಳ ಹಾಕಬೇಕು, ನಡುನಡುವೆ 'ವ್ಹಾ' ಎನ್ನಬೇಕು. ಇದರಲ್ಲಿ ಒಂದನ್ನೂ ಮಾಡದ ನನ್ನನ್ನು ಎಡಗಡೆಯಿದ್ದ ಶಿರಹಟ್ಟಿಯ ಡಾಕ್ಟರರ ಹೆಂಡತಿ ನೋಡಿದರು.

"ಅಯ್ಯ ಶಿವನೇ, ಅಕ್ಕಾರು ಅಲಗ್ಯಾಡವಲ್ರು!"

ಮುಖಕ್ಕೆ ಬಾಟಲಿಯ ನೀರು ಬಿತ್ತು. ಯಾರೋ ಹೊರಗಿನ ಚುರುಮುರಿ-ಗಿರಮಿಟ್ ಗಾಡಿಗೆ ಓಡಿ ಉಳ್ಳಾಗಡ್ಡಿ ತಂದು, ಜಜ್ಜಿ, ಅದರ ಘಾಟಿಗೆ ಮೂರ್ಛೆ ತಿಳಿಯಲಿ ಎಂದು ನನ್ನ ಮೂಗಿಗೆ ಹಿಡಿದರು. ಗದ್ದಲಕ್ಕೆ ವಾದ್ಯಗಳು ಒಂದೊಂದಾಗಿ ನಿಂತವು. ಮೈದುನ ಮೈಕು ಹಿಡಿದ: "ಯಾರೂ ಗಾಬರಿ ಆಗಬ್ಯಾಡ್ರಿ. ನಮ್ಮ ವೈನಿಗೆ ಸಂಗೀತ ತಡಕೊಳ್ಳಾಕ ಆಗಲಿಲ್ಲ, ಅಷ್ಟ."

ನಮ್ಮ ಅಜ್ಜನವರ ಮೊಮ್ಮಗಳಿಗೆ ಈ ಮಾತು! "ನನಗ ಏನೂ ಆಗಿಲ್ಲ!" ಎಂದು ಎದ್ದು ನಿಂತೆ.

ನಾನು ಎದ್ದು ನಿಂತೆನಲ್ಲ, ಇಡೀ ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು. ಮೈದುನ ಒಂದೇ ಉಸಿರಿಗೆ ವಾದ್ಯವೃಂದ ನಡೆಸುವವರಿಗೆ ಶಾಲು ಹೊದಿಸಿ, ಹಾರ ಹಾಕಿ, ವಂದನಾರ್ಪಣೆಯನ್ನೂ ಮುಗಿಸಿದ. ಲಕ್ಷ್ಮೇಶ್ವರದವರಿಗೆ ಬಸ್ಸು ಸಿಕ್ಕಿತು. ನಾಲ್ಕನೆಯ ಭಾಗವನ್ನು ಗದಗಿನವರು ಇಂದಿಗೂ ಕೇಳಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು: ಇಂಥ ಚಪ್ಪಾಳೆ ತಮಗೆ ಯಾವ ದೇಶದಲ್ಲೂ ಸಿಕ್ಕಿಲ್ಲ ಎಂದು ಆ ಮಹನೀಯರು ಹೇಳಿ ಹೋದರು. ನಮ್ಮ ಊರೆಂದರೆ ಹಾಗೆ.

ಆದರೆ "ಸಿಂಫನಿ ಕೇಳಿ ಮೂರ್ಛೆ ಹೋದವರು ಇವರ ನೋಡ್ರಿ" ಎಂದು ಮಾರ್ಕೆಟ್ಟಿನಲ್ಲಿ ನನ್ನನ್ನು ತೋರಿಸುತ್ತಾರೆ. ನನಗೆ ಮೂರ್ಛೆ ಬಂದಿರಲಿಲ್ಲ. ನಾನು ಸಂಗೀತ ಕೇಳುತ್ತಿದ್ದೆ. ಮೈದುನ ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ ನನ್ನ ಕ್ಷಮೆ ಕೇಳಬೇಕು.